ಅಕ್ಕಿ ಮೂಟೆಯ ಹಿಂದೆ

ಸಕಲೇಶಪುರದಲ್ಲಿ ನಮ್ಮದು ಗಾಜಿನ ಬಾಗಿಲಿನ ಸೂಪರ್ ಮಾರ್ಕೆಟ್ ಇತ್ತು. ನಾನು ಇಸ್ತ್ರಿ ಮಾಡಿದ ಸೀರೆಯುಟ್ಟು ಕ್ಯಾಶ್ ಕೌಂಟರಿನಲ್ಲಿ ಕೂರುತ್ತಿದ್ದೆ. ಎಸ್ಟೇಟಿನ ಆಳುಗಳು ಹೊಳೆಯುವ ನೆಲ ನೋಡಿ ಕೆಸರುಗಾಲಲ್ಲಿ ಒಳಗೆ ಬರಲು ಹಿಂಜರಿಯುತ್ತಿದ್ದರು. ಉಳಿದವರಿಗೂ ಮನೆ ಹತ್ತಿರದ ಅಂಗಡಿಗಳಲ್ಲೇ ಎಲ್ಲ ಸಿಗತೊಡಗಿತು. ಒಂದು ಸೋಪಿಗಾಗಿ ಪೇಟೆಗೆ ಯಾರು ಬರುತ್ತಾರೆ? ಕೊನೆಗೆ ನನ್ನವರು ಅದನ್ನು ಮುಚ್ಚಿ, ಯಸಳೂರಿನ ಹತ್ತಿರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಚಿಕ್ಕ ದಿನಸಿ ಅಂಗಡಿ ಇಟ್ಟರು. ವ್ಯಾಪಾರ ಕುದುರಿತು. ನನಗೆ ಮಾತ್ರ ಅಲ್ಲಿ ನಿಲ್ಲಲು ನಾಚಿಕೆ.

ಒಂದು ಬೆಳಗ್ಗೆ, ಪೇಟೆಯ ಅಂಗಡಿಗೆ ಕಾರಿನಲ್ಲಿ ಬರುತ್ತಿದ್ದ ತೋಟದ ಮನೆಯಾಕೆ ನಡೆದುಕೊಂಡು ನಮ್ಮ ಕಡೆ ಬರುವುದು ಕಂಡಿತು. ನಾನು ಹಳೇ ನೈಟಿಯಲ್ಲಿದ್ದೆ, ಕೈಯೆಲ್ಲ ಬೆಲ್ಲದ ಅಂಟು. ಯೋಚಿಸಲೂ ಇಲ್ಲ, ಅಕ್ಕಿ ಮೂಟೆಗಳ ಹಿಂದೆ ಕುಕ್ಕರುಗಾಲಲ್ಲಿ ಕೂತುಬಿಟ್ಟೆ.

ಒಳಗಿಂದ ಅತ್ತೆ ಬಂದರು. ಆಕೆ ಇಂಗು ಕೇಳಿದಳು.

"ಐತೆ ಕಣವ್ವ, ನನ್ ಸೊಸೆ ಮ್ಯಾಲಿಟ್ಟವ್ಳೆ. ತಡಿ, ಕರೀತೀನಿ."

ಅತ್ತೆ ಎರಡು ಸಲ ಕೂಗಿದರು. ನಾನು ಮೂಟೆಗೆ ಇನ್ನಷ್ಟು ಒತ್ತಿಕೊಂಡೆ.

"ಎಲ್ಲೋ ಹೋಗ್ಬುಟ್ಳು. ನಾನೇ ತೆಗ್ದ್ಕೊಡ್ತೀನಿ."

ಸ್ಟೂಲ್ ಎಳೆದ ಸದ್ದಾಯಿತು. ಅತ್ತೆಯ ಮಂಡಿ ಗಟ್ಟಿಯಿಲ್ಲವೆಂದು ನನಗೆ ಗೊತ್ತಿತ್ತು. ಆಗಲಾದರೂ ಏಳಬೇಕಿತ್ತು. ಈಗ ಹೋಗುತ್ತಾಳೆ, ಇನ್ನೇನು ಹೋಗುತ್ತಾಳೆ ಎಂದುಕೊಳ್ಳುತ್ತ ಕೂತೇ ಇದ್ದೆ.

ಡಬ್ಬಗಳು ಉರುಳಿದವು. ಧಡಕ್ಕನೆ ಎದ್ದಾಗ ಕಂಡದ್ದು ಇದು: ಆಕೆ ಕೌಂಟರಿನ ಮೇಲೆ ಅರ್ಧ ಬಾಗಿ ಅತ್ತೆಯ ರಟ್ಟೆ ಹಿಡಿದುಕೊಂಡಿದ್ದಳು, ಅತ್ತೆಯ ಒಂದು ಕಾಲು ಮಡಚಿಕೊಂಡು ಮೈಯಡಿ ಸಿಕ್ಕಿಕೊಂಡಿತ್ತು. ಆಕೆ ನನ್ನನ್ನು ನೋಡಿದಳು, ಮೂಟೆಗಳನ್ನು ನೋಡಿದಳು.

"ಬನ್ನಿ, ಆ ಕಡೆ ಹಿಡ್ಕೊಳ್ಳಿ," ಎಂದಳು. ಅಷ್ಟೇ.

ಇಬ್ಬರೂ ಸೇರಿ ಅತ್ತೆಯನ್ನು ಕೂರಿಸಿದೆವು. ಆಕೆ ಇಂಗು ಮರೆತು ಹೋದಳು. ನಾನು ಕೂಗಿ ಕರೆದು ಕೊಡಲೂ ಇಲ್ಲ.

ಸಂಜೆ ಊದಿದ ಪಾದಕ್ಕೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತೆ ಮೆಲ್ಲಗೆ ಕೇಳಿದರು, "ಆವಮ್ಮ ನಿಂಗೇನಾರ ಅಂದಿದ್ಲಾ?"

"ಇಲ್ಲ."

"ಮತ್ಯಾಕವ್ವ ಅಡಗ್ಕೊಂಡೆ?"

ತಮ್ಮ ಕಾಲಿನ ನೋವಿಗಿಂತ, ಯಾರೋ ಸೊಸೆಯ ಮನಸ್ಸು ನೋಯಿಸಿದ್ದಾರೆಂಬ ಚಿಂತೆ ಅವರಿಗೆ. ನಾನು ತಲೆ ಎತ್ತದೆ ಎಣ್ಣೆ ತಿಕ್ಕುತ್ತಲೇ ಇದ್ದೆ.

ಆಕೆ ಈಗಲೂ ನಮ್ಮಲ್ಲಿಗೇ ಬರುತ್ತಾಳೆ. ಆದರೆ ಅಂಗಡಿಗೆ ಇನ್ನೂ ಒಂದಿಷ್ಟು ದೂರವಿರುವಾಗಲೇ ರಸ್ತೆಯಿಂದ ಕೂಗುತ್ತಾಳೆ, "ಇದೀರೇನ್ರೀ?" ಮರೆಯಾಗಬೇಕೆಂದರೆ ಆಗಲಿ ಎಂದು ನನಗೆ ಸಮಯ ಕೊಡುತ್ತಾಳೆ. "ಇದೀನಿ, ಬನ್ನಿ," ಎನ್ನುವಾಗ ಪ್ರತಿ ಸಲವೂ ನನ್ನ ಕಿವಿ ಬಿಸಿಯಾಗುತ್ತದೆ.