ಹೆಬ್ಬೆಟ್ಟಿನ ಗೆರೆ ಹುಡುಕಿದ ಮುನಿರಾಮಯ್ಯ

ವಿಜಯಪುರದ ಪಕ್ಕದ ಕಲ್ಲುದಿಣ್ಣೆಯ ಮೇಲೆ ಮೊಟ್ಟಮೊದಲು ಹಿಪ್ಪುನೇರಳೆ ಕಡ್ಡಿ ನೆಟ್ಟವನು ದೊಡ್ಡಮುನಿಯಪ್ಪ. ಊರವರು ಇವನಿಗೆ ತಲೆ ಕೆಟ್ಟಿದೆ ಎಂದರು. ಎರಡು ಬೇಸಿಗೆ ಕೊಡ ಹೊತ್ತು ನೀರುಣಿಸಿ, ಮೂರನೆಯ ವರ್ಷ ಅದೇ ಊರವರ ರೇಷ್ಮೆಹುಳುವಿಗೆ ಸೊಪ್ಪು ಕೊಟ್ಟ. ಅವನ ಮಗ ವೆಂಕಟರಮಣಪ್ಪ ರೇಷ್ಮೆಹುಳುವಿನ ಮೈಬಣ್ಣ ನೋಡಿಯೇ ನಾಳೆ ಹಣ್ಣಾಗಿ ನೂಲು ಬಿಡುತ್ತದೋ ನಾಡಿದ್ದೋ ಹೇಳಿಬಿಡುತ್ತಿದ್ದ. ಅವನು ಬಂದು ನೋಡುವ ತನಕ ಯಾರೂ ಹುಳುವನ್ನು ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡುತ್ತಿರಲಿಲ್ಲ. ಆ ವೆಂಕಟರಮಣಪ್ಪನ ಒಬ್ಬನೇ ಗಂಡುಮಗ ಮುನಿರಾಮಯ್ಯ. ಅಪ್ಪನಿಂದ ಅವನಿಗೆ ಬಂದ ಆಸ್ತಿ ಎಂದರೆ ನೋಡುವ ಕಣ್ಣು.

ಏಳನೆಯ ಕ್ಲಾಸಿಗೇ ಶಾಲೆ ಬಿಟ್ಟ ಮುನಿರಾಮಯ್ಯನಿಗೆ ಫೋಟೋ ತೆಗೆಯುವುದನ್ನು ಯಾರೂ ಹೇಳಿಕೊಡಲಿಲ್ಲ. ಮದುವೆ, ನಾಮಕರಣಗಳಲ್ಲಿ ತೆಗೆದು ಕಲಿತ, ಕೆಡಿಸಿ ಕಲಿತ. ಬೆಂಗಳೂರಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಅವನಿಗೆ ಮೂರು ಲೋಹದ ಬಳೆಗಳು ಸಿಕ್ಕವು. ಎಕ್ಸ್‌ಟೆನ್ಷನ್ ಟ್ಯೂಬ್ ಎಂದ ಅಂಗಡಿಯವನು. ಒಳಗೆ ಗಾಜಿಲ್ಲ, ತಂತಿಯಿಲ್ಲ, ಬರೀ ಟೊಳ್ಳು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ತಿರುಚಿ ಕೂರಿಸಿದರೆ ಲೆನ್ಸು ಮುಂದಕ್ಕೆ ಸರಿದು, ಸಾಸಿವೆಯಷ್ಟಿದ್ದದ್ದು ಕಡಲೆಯಷ್ಟಾಗಿ ಕಾಣುತ್ತದೆ. ಆದರೆ ಕ್ಯಾಮೆರಾ ತಾನಾಗಿ ಏನನ್ನೂ ಮಾಡಿಕೊಡುವುದಿಲ್ಲ. ಬೆಳಕನ್ನು ಕೈಯಲ್ಲೇ ಹೊಂದಿಸಬೇಕು. ಉಸಿರು ಬಿಗಿಹಿಡಿದು, ಇಡೀ ಮೈಯನ್ನೇ ಎಳ್ಳುಕಾಳಿನಷ್ಟು ಹಿಂದೆ ಮುಂದೆ ಮಾಡಬೇಕು. ಆಗ ಎಲ್ಲೋ ಒಂದು ಗಳಿಗೆ ಚಿತ್ರ ತಿಳಿಯಾಗುತ್ತದೆ.

ಹುಳುವನ್ನು ಕೊಲ್ಲುವ ಊಜಿ ನೊಣ ಅದರ ಮೈಮೇಲೆ ಇಟ್ಟ ಮೊಟ್ಟೆಯನ್ನು ಮುನಿರಾಮಯ್ಯ ಹೀಗೆ ತೆಗೆದು ದೊಡ್ಡದು ಮಾಡಿ ತೋರಿಸಿದ ಮೇಲೆ, ಸುತ್ತಲ ಹಳ್ಳಿಯ ಸಾಕಣೆಯವರು ಅವನ ಜಗಲಿಗೆ ಹುಳು ಹಿಡಿದುಕೊಂಡು ಬರತೊಡಗಿದರು. ಕಣ್ಣಿಗೆ ಕಾಣದ್ದು ತನ್ನ ಬಳೆಗೆ ಕಾಣುತ್ತದೆ ಎಂದು ಅವನು ಹೇಳಿಕೊಂಡು ತಿರುಗಿದ. ಹೇಳಿಕೊಳ್ಳುವ ಹಕ್ಕೂ ಅವನಿಗಿತ್ತು.

ಹೆಂಡತಿ ಅಮ್ಮಯಮ್ಮ ಮೂವತ್ತೆರಡು ವರ್ಷ ನೂಲು ಬಿಚ್ಚುವ ಕಡೆ ಕುದಿನೀರಿನ ತೊಟ್ಟಿಯ ಮುಂದೆ ಕೂತವಳು. ಬೆಂದ ಗೂಡಿನ ಎಳೆಯನ್ನು ಬೆರಳ ತುದಿಯಿಂದ ಹುಡುಕಿ ರಾಟೆಗೆ ಕೊಡುವುದು ಅವಳ ಕೆಲಸ. ಅವಳು ದುಡಿದದ್ದರಿಂದಲೇ ಇವನಿಗೆ ಹುಳು, ಚಿಟ್ಟೆ ನೋಡುತ್ತಾ ಕೂರಲು ಆಯಿತು.

ಹೋದ ವರ್ಷ ರೇಷನ್ ಅಂಗಡಿಯಲ್ಲಿ ಎಲ್ಲರೂ ಹೊಸದಾಗಿ ಹೆಬ್ಬೆಟ್ಟು ಕೊಡಬೇಕಾಗಿ ಬಂತು. ಅಮ್ಮಯಮ್ಮನ ಹೆಬ್ಬೆಟ್ಟನ್ನು ಯಂತ್ರ ಹಿಡಿಯಲಿಲ್ಲ. ಹತ್ತೂ ಬೆರಳು ಒತ್ತಿಸಿದರು. ಗುರುತಿಗೆ ಯಂತ್ರಕ್ಕೆ ಕಣ್ಣು ತೋರಿಸಲು ಕಳಿಸಿದರು, ಪೊರೆ ಬಂದದ್ದರಿಂದ ಅದೂ ಆಗಲಿಲ್ಲ. ತಿಂಗಳು ಮುಗಿಯುವುದರೊಳಗೆ ಗುರುತು ಸಿಗದಿದ್ದರೆ ಕಾರ್ಡಿನಿಂದ ಹೆಸರು ಹೋಗುತ್ತದೆ ಎಂದರು.

"ಇನ್ನೊಂದ್ಸಾರಿ ಒರೆಸ್ಕೊಂಡ್ ಒತ್ತಮ್ಮ," ಎಂದ ಅಂಗಡಿಯ ಚಲಪತಿ.

"ಒತ್ತಿ ಒತ್ತಿ ಬೆರಳೇ ಸವೆದೋಯ್ತು. ನಿನ್ ಮಿಷಿನ್ನಿಗೇ ಪೊರೆ ಬಂದೈತೆ ಕಣೋ," ಎಂದ ಮುನಿರಾಮಯ್ಯ. ಸಾಲಿನಲ್ಲಿದ್ದವರು ನಕ್ಕರು.

"ಗೆರೆ ಇದ್ರೆ ತಾನೇ ಹಿಡಿಯೋದು, ಮುನಿರಾಮಣ್ಣ? ಗೆರೆ ಐತೆ ಅಂತ ತೋರ್ಸು, ಆಫೀಸ್ಗೆ ನಾನೇ ಹೋಗಿ ಮಾತಾಡ್ತೀನಿ."

"ತೋರಿಸ್ತೀನಿ ಇರು. ಊಜಿ ಮೊಟ್ಟೆ ತೋರ್ಸಿದವ್ನಿಗೆ ಹೆಂಡ್ತಿ ಬೆರಳು ತೋರ್ಸಕ್ಕಾಗಲ್ವ?"

ಮಾರನೆಯ ಬೆಳಗ್ಗೆ ಎಳೆಬಿಸಿಲು ಜಗಲಿಗೆ ಓರೆಯಾಗಿ ಬೀಳುವ ಹೊತ್ತಿಗೆ ಅಮ್ಮಯಮ್ಮನನ್ನು ಕೂರಿಸಿದ. ಸೇರನ್ನು ಬೋರಲು ಹಾಕಿ ಅದರ ಮೇಲೆ ಹೆಬ್ಬೆಟ್ಟು ಇಡಿಸಿದ. ಮೂರು ಬಳೆಗಳನ್ನೂ ಜೋಡಿಸಿದ. ಅಷ್ಟು ಹತ್ತಿರಕ್ಕೆ ಹೋದಾಗ ಅವಳ ನಾಡಿ ಬಡಿಯುವುದೇ ದೊಡ್ಡ ಅಲುಗಾಟವಾಗಿ, ತೆಗೆದದ್ದೆಲ್ಲ ಮಂಜಾಯಿತು.

"ಅಲ್ಲಾಡ್ಬ್ಯಾಡ ಕಣೇ."

"ನಾನೆಲ್ಲಿ ಅಲ್ಲಾಡ್ದೆ? ಉಸ್ರಾಡೋದೂ ಬಿಡ್ಲಾ?"

"ಎರಡು ನಿಮಿಷ ಬಿಡು."

"ಹುಳಕ್ಕೆ ಒಂದಿನಾನೂ ಹಿಂಗೆ ಬೈದೋನಲ್ಲ ನೀನು," ಎಂದು ಅವಳು ನಕ್ಕಳು.

ಮೂರನೆಯ ಬೆಳಗ್ಗೆ ಒಂದು ಚಿತ್ರ ನಿಚ್ಚಳವಾಗಿ ಬಂತು. ಮುನಿರಾಮಯ್ಯ ಕ್ಯಾಮೆರಾದ ಹಿಂದಿನ ಪರದೆಯಲ್ಲಿ ಅದನ್ನು ಹಿಗ್ಗಿಸಿದ. ಗೆರೆ ಇರಲಿಲ್ಲ. ಬೆಂದು ಬೆಂದು ಹಾಲಿನ ಕೆನೆಯಂತಾದ ಚರ್ಮ, ಅದರ ಮೇಲೆ ಅಡ್ಡಾದಿಡ್ಡಿ ಸೀಳು. ಪಕ್ಕದ ಬೆರಳನ್ನು ತೆಗೆದ. ಅದರ ಪಕ್ಕದ್ದನ್ನೂ ತೆಗೆದ. ಒಂದರಲ್ಲೂ ಗೆರೆ ಇರಲಿಲ್ಲ. ಬಳೆಯದೇ ದೋಷವಿರಬೇಕು ಎಂದುಕೊಂಡು, ತನ್ನ ಎಡಗೈ ಹೆಬ್ಬೆಟ್ಟನ್ನು ಸೇರಿನ ಮೇಲಿಟ್ಟು ಚಿತ್ರ ತೆಗೆದ. ಅದು ಆಗ ತಾನೇ ಉತ್ತ ಹೊಲದ ಹಾಗೆ ಬಂತು. ಸಾಲಿನ ಪಕ್ಕ ಸಾಲು, ಎಲ್ಲೂ ಒಂದು ಸಾಲು ತಪ್ಪಿರಲಿಲ್ಲ.

ಊಜಿ ನೊಣದ ಕಾಲಿನ ಕೂದಲನ್ನು ಎಣಿಸಿದವನು ಅವನು. ದಿನಾ ತಟ್ಟೆಗೆ ಮುದ್ದೆ ಇಕ್ಕುವ ಈ ಕೈಯನ್ನು ಒಂದು ಸಾರಿಯೂ ಬೆಳಕಿಗೆ ಹಿಡಿದು ನೋಡಿರಲಿಲ್ಲ.

"ಬಂತಾ ಗೆರೆ?" ಎಂದು ಅಮ್ಮಯಮ್ಮ ಕೇಳಿದಳು. "ಬಂದಿರ್ತದೆ ಬಿಡು. ಸಣ್ಣೋಳಿದ್ದಾಗ ಈ ಬೆರಳಲ್ಲಿ ಚಕ್ರ ಐತೆ ಅಂತಿದ್ಲು ನಮ್ಮಜ್ಜಿ."

ಮುನಿರಾಮಯ್ಯ ಒಂದೊಂದೇ ಚಿತ್ರವನ್ನು ಅಳಿಸಿದ. ತನ್ನ ಹೆಬ್ಬೆಟ್ಟಿನದನ್ನೂ ಅಳಿಸಿದ.

"ಫೋಕಸ್ಸೇ ಆಗ್ಲಿಲ್ಲ," ಎಂದ. ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬಾರದ ಮಾತು ಅದು.

ಅಷ್ಟರಲ್ಲಿ ಮುನಿರಾಮಯ್ಯನ ತಂಗಿಯ ಮಗ ನಂದೀಶ್ ಬೈಕು ನಿಲ್ಲಿಸಿ ಒಳಗೆ ಬಂದ. ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಕೆಲಸ ಅವನಿಗೆ, ಅಂದು ರಜೆ. ಮಾತು ಅವನ ಕಿವಿಗೂ ಬಿದ್ದಿತ್ತು.

"ಆ ಹಳೇ ಬಳೇಲಿ ಎಲ್ಲಿ ಫೋಕಸ್ ಆಗ್ತದೆ ಮಾವ? ನಮ್ ಫ್ಯಾಕ್ಟರಿ ಲೈನಲ್ಲೊಬ್ಬನ ಹತ್ರ ಮ್ಯಾಕ್ರೋ ಲೆನ್ಸ್ ಐತೆ. ಕೂದಲಲ್ಲಿ ಕೂದಲು ತೋರಿಸ್ತದೆ. ಇನ್ನೂ ನಾಕ್ ದಿನ ಟೈಮ್ ಐತಲ್ಲ, ನಾಳೆ ಶಿಫ್ಟ್ ಮುಗಿಸ್ಕೊಂಡು ತಂದ್ಬಿಡ್ತೀನಿ."

ಅಮ್ಮಯಮ್ಮನ ಮುಖ ಅರಳಿತು. "ತತ್ತಾರಪ್ಪ, ಪುಣ್ಯ ಬರ್ತದೆ," ಎಂದು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

ಮುನಿರಾಮಯ್ಯ ಬಳೆಗಳನ್ನು ಬಿಚ್ಚುತ್ತಾ, ಇಬ್ಬರ ಮುಖವನ್ನೂ ನೋಡದೆ ಹೇಳಿದ.

"ಬ್ಯಾಡ ಕಣಪ್ಪ. ಯಾವ ಲೆನ್ಸೂ ತರಬ್ಯಾಡ. ಅವಳ ಬೆರಳು ಚೆನ್ನಾಗೇ ಐತೆ. ನಡುಗ್ತಿರೋದು ನನ್ ಕೈ. ನನ್ ಕೈಲಿ ಆಗದ್ದನ್ನ ಇನ್ನೊಬ್ಬರ ಸಾಮಾನು ತಂದು ಮಾಡೋದು ನಂಗ್ ಬ್ಯಾಡ. ಕಾರ್ಡಿಂದ ಹೆಸರು ಹೋದ್ರೆ ನನ್ನಿಂದ ಹೋಯ್ತು ಅಂತ ಊರೋರು ಅನ್ಕೊಳ್ಲಿ. ಕಾಫಿ ಕುಡ್ಕೊಂಡು ಹೋಗು ನೀನು."