ಮೇ ತಿಂಗಳಲ್ಲಿ ಸ್ವೆಟರ್

ದೆಹಲಿಯ ಓಖ್ಲಾದ ಸುದ್ದಿ ಜಾಲತಾಣವೊಂದರ ಕನ್ನಡ ವಿಭಾಗದಲ್ಲಿ ನನ್ನ ಅಕ್ಕನ ಮಗಳ ಕೆಲಸ ಆ ವಾರ ಖಾಯಂ ಆಗಬೇಕಿತ್ತು. ಮೇ ತಿಂಗಳ ಮಧ್ಯಾಹ್ನ, ನಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದಾಗ, ದೆಹಲಿಯದೇ ಪೀತಮ್‌ಪುರಾದಲ್ಲಿ ಈಗಷ್ಟೇ ಬೆಂಕಿ ಬಿದ್ದಿದೆ ಎನ್ನುವ ವಿಡಿಯೊ ಅವಳಿಗೆ ಬಂತು.

“ಚಿಕ್ಕಮ್ಮ, ಇಲ್ಲಿ ನೋಡಿ.”

“ಪಾಪ, ಈ ಬಿಸಿಲಲ್ಲೂ ಎಲ್ಲರೂ ಸ್ವೆಟರ್ ಹಾಕ್ಕೊಂಡು ಓಡ್ತಿದ್ದಾರಲ್ಲೇ,” ಎಂದೆ.

ಅವಳು ಆ ಸುದ್ದಿ ಹಾಕಲಿಲ್ಲ.

“ಅಚ್ಛಾ, ಬೇರೆಯವರೆಲ್ಲ ಹಾಕಿಯಾಯ್ತು, ನೀನು ಸ್ವೆಟರ್ ನೋಡ್ತಾ ಕೂತಿದ್ದೀಯಾ?” ಎಂದರು ಸಂಪಾದಕರು, ಫೋನಿನಲ್ಲಿ.

ಸಂಜೆ ಆ ಬೇರೆ ಜಾಲತಾಣದವರೆಲ್ಲ, ವಿಡಿಯೊ ಹಳೆಯದೆಂದು ತಾವೇ ಪತ್ತೆಹಚ್ಚಿದಂತೆ ಇನ್ನೊಂದು ಸುದ್ದಿ ಹಾಕಿ ಮತ್ತಷ್ಟು ಓದುಗರನ್ನು ಸಂಪಾದಿಸಿದರು. ಸುಳ್ಳೇ ಹಾಕದ ನಮ್ಮ ಹುಡುಗಿಗೆ ತಿದ್ದಿಕೊಳ್ಳಲು ಏನೂ ಇರಲಿಲ್ಲ. ಒಂದೇ ದಿನ ಎರಡು ಸುದ್ದಿ ಕಳೆದುಕೊಂಡಳೆಂದು ಅವಳ ಖಾಯಮಾತಿಯನ್ನು ಮುಂದೂಡಿದರು. ಸುದ್ದಿಯ ವಿವೇಚನೆ ಕಲಿಯಲು ಅವಳಿಗಿನ್ನೂ ಸಮಯ ಬೇಕಂತೆ.