ಜೈನಬಿ ಖಾಲಾನ ಸುಶಿ

ತಾಟು ಖಾಲಿಯಾಗುವವರೆಗೆ ಜೈನಬಿ ಖಾಲಾ ಯಾರನ್ನೂ ಏಳಗೊಡುತ್ತಿರಲಿಲ್ಲ. ಸೊಂಟಕ್ಕೆ ಕೈಯಿಟ್ಟು ಎದುರಿಗೇ ನಿಂತುಬಿಡುತ್ತಿದ್ದಳು. “ಕುಂದ್ರಿ. ಅನ್ನ ಬಿಟ್ಟು ಎಲ್ಲಿಗಿ ಹೊಂಟೀರಿ?” ಎಂದರೆ ಫೋರ್‌ಮನ್ ಸಾಹೇಬರೂ ಮತ್ತೆ ಕೂತು ತಾಟು ಬಳಿಯಬೇಕಾಗುತ್ತಿತ್ತು.

ವಾಡಿ ಸ್ಟೇಶನ್ನಿನ ಹಿಂದೆ ನಾವೆಲ್ಲ ಚಿಕ್ಕಮ್ಮನೆಂದು ಖಾಲಾ ಎನ್ನುತ್ತಿದ್ದ ಆಕೆಯ ಖಾನಾವಳಿ. ಒಲೆಯ ಮುಂದೆ ಮೇಜಿನಂತೆ ಉದ್ದಕ್ಕೊಂದು ಶಹಾಬಾದ್ ಕಲ್ಲು, ಈಚೆಗೊಂದು ಬೆಂಚು, ಅಷ್ಟೇ. ಆಚೆ ನಿಂತು ಕಾಗಿಣಾ ಹೊಳೆಯ ಮೀನು ಕರಿದು ನೇರ ನಮ್ಮ ತಾಟಿಗೇ ಹಾಕುತ್ತಿದ್ದಳು. ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರನಾಗಿದ್ದ ನನಗೆ ಮದುವೆಯಾಗುವವರೆಗೂ ಅದೇ ಮನೆ. ಆಕೆಯ ಹೆಮ್ಮೆಯೆಲ್ಲ ಅನ್ನದ ಮೇಲೆ. ಅಗುಳಿಗೆ ಅಗುಳು ಅಂಟಬಾರದು. ಮುದ್ದೆಯಾದರೆ ಅದು ಕೋಳಿಗೆ, ಇಲ್ಲವೆ ಬ್ಯಾನಿ ಬಿದ್ದ ರೋಗಿಗಳಿಗೆ.

ಎಪ್ಪತ್ತರ ದಶಕದಲ್ಲಿ ಹೊಸ ಯಂತ್ರ ಕೂಡಿಸಲು ಜಪಾನಿನಿಂದ ತನಾಕಾ ಎಂಬ ಎಂಜಿನಿಯರು ಬಂದರು. ನಮ್ಮ ಖಾರ ಅವರಿಗೆ ಸೇರಲಿಲ್ಲ. ಮೈ ಇಳಿದು ಇಳಿದು ಪ್ಯಾಂಟಿಗೆ ಸುತಳಿ ದಾರ ಕಟ್ಟಿಕೊಳ್ಳುವಂತಾದರು. ಹೀಗೇ ಆದರೆ ವಾಪಸು ಕಳಿಸಬೇಕಾದೀತೆಂದು ಡಾಕ್ಟರು ಹೇಳಿದಾಗ ನಾನು ಅವರನ್ನು ಖಾಲಾನ ಬೆಂಚಿಗೆ ಕರೆತಂದೆ. ಅವರು ಒಂದೆರಡು ತುತ್ತು ತಿಂದು ತಾಟು ಸರಿಸಿದರು.

ಖಾಲಾ ಆ ತಾಟನ್ನೇ ನೋಡಿದಳು. “ಈ ಸಾಹೇಬ್ರು ಹೊಟ್ಟಿ ತುಂಬ ಉಂಡೇ ತಮ್ಮ ಊರಿಗಿ ಹೋಗತಾರ. ನೋಡತಿರು,” ಎಂದಳು ನನಗೆ.

ಹರಕು ಮುರುಕು ಇಂಗ್ಲಿಷಿನಲ್ಲಿ ಅವರ ಊರಿನ ಊಟ ಯಾವುದೆಂದು ಕೇಳಿದೆ. ಸುಶಿ ಎಂದರು: ಹುಳಿ ಅನ್ನದ ಉಂಡೆ, ಮೇಲೊಂದು ಹಸಿ ಮೀನಿನ ಚೂರು. ಖಾಲಾ ಹೌಹಾರಿದಳು. “ಹಸೀದಾ? ತೋಬಾ! ಬೆಂಕಿ ಕಾಣಲಾರದ ಮೀನು ನನ್ನ ಕಲ್ಲಿನ ಮ್ಯಾಲ ಬರಾಂಗಿಲ್ಲ. ಅನ್ನ ಮಾಡತೀನಿ, ತಡಿ.”

ಎಡವಿದ್ದು ಅಲ್ಲೇ. ದೂರದ ಅತಿಥಿ, ಮೆಹಮಾನರೆಂದು, ಬಿರಿಯಾನಿಗೆ ಎತ್ತಿಟ್ಟಿದ್ದ ಹಳೆ ಅಕ್ಕಿ ತೆಗೆದು ಉದುರುದುರಾಗಿ ಬೇಯಿಸಿ ನಿಂಬೆ ಹಿಂಡಿದಳು. ಉಂಡೆ ನಿಲ್ಲಲಿಲ್ಲ. ಇನ್ನೂ ಚೆನ್ನಾಗಿ ಆಗಲೆಂದು ಮರುದಿನ ಇನ್ನಷ್ಟು ಉದುರು. ತನಾಕಾ ತಲೆಯಾಡಿಸಿ, ಕೈಮುಗಿದು ಎದ್ದರು. ಆಕೆಯ ಹಟ ಏರಿದಷ್ಟೂ ಅನ್ನ ಉದುರುತ್ತಲೇ ಹೋಯಿತು.

ಒಂದು ಮಧ್ಯಾಹ್ನ ಮೀನಿನವಳ ಜೊತೆ ಜಗಳಕ್ಕೆ ನಿಂತು ಖಾಲಾ ಒಲೆ ಮರೆತಳು. ಅನ್ನ ಮುದ್ದೆಯಾಯಿತು. ಬೈದುಕೊಳ್ಳುತ್ತ ಕೋಳಿಗೆ ಒಯ್ಯುತ್ತಿದ್ದಾಗ ತನಾಕಾ ಜಿಗಿದೆದ್ದು ಬೋಗುಣಿ ಹಿಡಿದರು.

“ಏನ್ ಮಾಡ್ಲಿಕತ್ತೀರಿ ಸಾಹೇಬ್ರ? ಇದು ಬ್ಯಾನಿಯವ್ರ ಅನ್ನರಿ! ನನ್ನ ಮಾನ ಹೋಗತದ!”

ಅವರು ಆಗಲೇ ಕೈ ತೋಯಿಸಿ, ನಿಂಬೆ ಹಿಂಡಿ, ಉಂಡೆ ಒತ್ತಿ, ಕರಿದ ಮೀನಿನ ಚೂರು ಅದರ ಮೇಲಿಟ್ಟಿದ್ದರು. ತಿನ್ನುತ್ತ ಅವರ ಕಣ್ಣು ತುಂಬಿತು. ಖಾಲಾ ತಾನೂ ಕೈ ತೋಯಿಸಿದಳು. ರೊಟ್ಟಿ ಬಡಿದ ಕೈ. ಮೊದಲ ಉಂಡೆ ಕಲ್ಲಾಯಿತು. ತನಾಕಾ ನಕ್ಕು, ಕೋಳಿಮರಿ ಹಿಡಿಯುವಂತೆ ಹಗುರಾಗಿ ಒತ್ತಿ ತೋರಿಸಿದರು. ಅವತ್ತು ತಾಟು ಖಾಲಿಯಾಯಿತು. ಯಂತ್ರ ತಿರುಗುವವರೆಗೂ ಅವರು ವಾಡಿ ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಖಾಲಾನನ್ನು ನಾನು ಕೊನೆಗೆ ಕಂಡದ್ದು ಶಹಾಬಾದಿನಲ್ಲಿ, ಮಗಳ ಮನೆಯ ಹಾಸಿಗೆಯಲ್ಲಿ. ಊಟ ಬಿಟ್ಟಿದ್ದಳು. ಮಗಳು ಮೆತ್ತನೆಯ ಅನ್ನ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ನಾನು ಬಟ್ಟಲು ಇಸಿದುಕೊಂಡು, ಕೈ ತೋಯಿಸಿ, ನಿಂಬೆ ಹಿಂಡಿ ಒಂದು ಉಂಡೆ ಮಾಡಿದೆ. ಸೊಂಟಕ್ಕೆ ಕೈಯಿಟ್ಟು ಎದುರಿಗೆ ನಿಂತೆ.

“ಅನ್ನ ಬಿಟ್ಟು ಎಲ್ಲಿಗಿ ಹೊಂಟೀರಿ?”

ಖಾಲಾ ನನ್ನನ್ನೇ ನೋಡಿದಳು. ಬಾಯಿ ತೆರೆದಳು; ಉಂಡೆ ಬಾಯಿಗಿಟ್ಟೆ. ಬಹಳ ಹೊತ್ತು ಅಗಿದಳು.

“ಭಾಳ ಬಿಗಿ ಆಗ್ಯದ,” ಎಂದಳು. “ಹಗೂರಕ ಒತ್ತು. ಇನ್ನೊಂದು ಮಾಡು.”